ಫಸ್ಟ್ ನೇಷನ್ ಒಂದರ ಪ್ರವಾಸ ಕಂಪನಿಗೆ ಜಾಲತಾಣ: ಲೋಗೋದಲ್ಲಿ ರೇವನ್ ಹಾಕಬಹುದೇ?

ವಿನ್ಯಾಸಕಿ:

ವ್ಯಾಂಕೂವರ್‌ನ ಒಂದು ಸಣ್ಣ ವಿನ್ಯಾಸ ಕಚೇರಿಯಲ್ಲಿ ನನ್ನ ಕೆಲಸ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಕರಾವಳಿಯ ಫಸ್ಟ್ ನೇಷನ್ ಒಂದು, ಅಂದರೆ ಅಲ್ಲಿನ ಒಂದು ಮೂಲನಿವಾಸಿ ಸಮುದಾಯ, ತಾನೇ ನಡೆಸುವ ಪ್ರವಾಸ ಕಂಪನಿಗೆ ಹೊಸ ಜಾಲತಾಣವೂ ಬ್ರ್ಯಾಂಡೂ ಬೇಕೆಂದು ನಮ್ಮಲ್ಲಿಗೆ ಬಂದಿದೆ. ಯಾವ ನೇಷನ್ ಎಂದು ಇಲ್ಲಿ ಹೇಳುವ ಅಧಿಕಾರ ನನಗಿಲ್ಲ. ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ತಮ್ಮ ಹಿಂದಿನವರು ವಾಸವಿದ್ದ ಊರುಗಳ ನೆಲೆಗಳನ್ನು ತೋರಿಸುತ್ತಾರೆ, ಸೀಡರ್ ಮರದ ತೊಗಟೆಯಿಂದ ಬುಟ್ಟಿ ಹೆಣೆಯುವುದನ್ನು ಕಲಿಸುತ್ತಾರೆ, ಸಂಜೆ ಬೆಂಕಿಯಲ್ಲಿ ಸುಟ್ಟ ಸಾಲ್ಮನ್ ಮೀನಿನ ಊಟ ಹಾಕುತ್ತಾರೆ.

ನಮ್ಮ ಯಜಮಾನರ ತಲೆಯಲ್ಲಿ ಬ್ರ್ಯಾಂಡ್ ಆಗಲೇ ಸಿದ್ಧವಾಗಿದೆ. ಕೆಂಪು ಕಪ್ಪಿನಲ್ಲಿ ಕಾಗೆ ಜಾತಿಯ ದೊಡ್ಡ ರೇವನ್ ಹಕ್ಕಿಯ ಲೋಗೋ, ಮುಖಪುಟದ ತುಂಬ ಮಂಜು ಕವಿದ ಕಾಡು, ಅದರ ಮೇಲೆ ನೂರು ವರ್ಷ ಹಳೆಯ ಕಂದು ಬಣ್ಣದ ಭಾವಚಿತ್ರಗಳು, ‘ಕಾಲ ನಿಂತುಹೋದ ನಾಡಿಗೆ ಸ್ವಾಗತ’ ಎಂಬ ಅಡಿಬರಹ. ಆ ಕಂಪನಿಯ ವ್ಯವಸ್ಥಾಪಕಿಯನ್ನು ವಿಡಿಯೊ ಕರೆಯಲ್ಲಿ ನೋಡಿದ್ದೇನೆ. ಹಿಂದುಗಡೆ ದೋಣಿಯ ಎಂಜಿನ್ ಬಿಚ್ಚಿಟ್ಟ ಮೇಜು, ಕೈಯಲ್ಲೊಂದು ಮೊಬೈಲ್, ಕಿವಿಯಲ್ಲಿ ಇನ್ನೊಂದು. ನಮ್ಮ ಮಾತಿನ ನಡುವೆಯೇ ಗಾಳಿಯ ಮುನ್ಸೂಚನೆ ನೋಡಿ ಮರುದಿನದ ದೋಣಿ ರದ್ದು ಮಾಡಿದರು, ಹಣ ವಾಪಸು ಕೊಡಲು ಹೇಳಿದರು. ಕಾಲ ಎಲ್ಲಿ ನಿಂತಿದೆಯೋ ನನಗಂತೂ ಕಾಣಲಿಲ್ಲ.

ಗೌರವದಿಂದ ಮಾಡಬೇಕು ಎನ್ನುವುದರಲ್ಲಿ ನಮ್ಮ ಕಚೇರಿಯಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಗೌರವ ಎಂದರೆ ಪುಟದ ಕೆಳಗೆ ‘ಈ ನೆಲದ ಮೂಲ ಒಡೆಯರನ್ನು ಸ್ಮರಿಸುತ್ತೇವೆ’ ಎಂದು ಒಂದು ಸಾಲು ಸೇರಿಸುವುದು ಎಂದು ನಂಬಿದವರೇ ಹೆಚ್ಚು. ಇಂಥ ಕೆಲಸ ಮಾಡಿದವರು ಹೇಳಿ: ರೇವನ್ ಲೋಗೋ ಸರಿಯೇ? ಹಳೆಯ ಚಿತ್ರಗಳನ್ನು ಬಳಸಬಹುದೇ? ಒಪ್ಪಿಗೆ ಯಾರಿಂದ ಪಡೆಯಬೇಕು?

ಕತ್ತಲಕೋಣೆ:

ಚಿತ್ರಗಳ ವಿಷಯ ಮಾತ್ರ ಹೇಳುತ್ತೇನೆ, ನನ್ನ ಕಸುಬು ಅದು.

ನಿಮ್ಮ ಯಜಮಾನರು ಕೇಳುತ್ತಿರುವ ಕಂದು ಬಣ್ಣದ ನೋಟ ಬಹುಪಾಲು ಎಡ್ವರ್ಡ್ ಕರ್ಟಿಸ್ ಎಂಬ ಛಾಯಾಗ್ರಾಹಕ ಬಿಟ್ಟುಹೋದದ್ದು. 1907ರಿಂದ 1930ರವರೆಗೆ ಇಪ್ಪತ್ತು ಸಂಪುಟಗಳಲ್ಲಿ ಉತ್ತರ ಅಮೆರಿಕದ ಮೂಲನಿವಾಸಿಗಳ ಚಿತ್ರಗಳನ್ನು ಪ್ರಕಟಿಸಿದವನು. 1910ರ ಸುಮಾರಿಗೆ ಪೀಗನ್ ಜನರ ಡೇರೆಯೊಳಗೆ ಇಬ್ಬರು ಗಂಡಸರು ಕುಳಿತಿರುವ ಅವನ ಒಂದು ಚಿತ್ರವಿದೆ. ಮೂಲ ನೆಗೆಟಿವ್‌ನಲ್ಲಿ ಇಬ್ಬರ ನಡುವೆ ಒಂದು ಗಡಿಯಾರ ಇದೆ. ಅಚ್ಚಾದ ಪುಸ್ತಕದಲ್ಲಿ ಗಡಿಯಾರ ಇಲ್ಲ, ಅದನ್ನು ತಿದ್ದಿ ತೆಗೆದಿದ್ದಾರೆ. ನೆಗೆಟಿವ್ ಅಮೆರಿಕದ ಸಂಸತ್ ಗ್ರಂಥಾಲಯದಲ್ಲಿ ಉಳಿದದ್ದರಿಂದ ಇವತ್ತು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ನಿಮ್ಮ ಯಜಮಾನರಿಗೆ ತೋರಿಸಿ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಹೊತ್ತು ನೋಡುತ್ತಿದ್ದ ಜನರನ್ನು ಕಾಲವಿಲ್ಲದವರನ್ನಾಗಿ ಮಾಡಿದ್ದು ಬಣ್ಣದ ಕುಂಚ. ಅದೇ ಕರ್ಟಿಸ್ 1914ರಲ್ಲಿ ನಿಮ್ಮ ಕರಾವಳಿಯಲ್ಲೇ ಕ್ವಕ್ವಕವಕ್ವ ಜನರನ್ನು ಹಾಕಿಕೊಂಡು ಒಂದು ಮೂಕಿ ಚಿತ್ರ ತೆಗೆದ, ಹಳೆಯ ಕಾಲದವರಂತೆ ಕಾಣಲಿ ಎಂದು ಅವರಿಗೆ ಕೃತಕ ಕೂದಲು ತೊಡಿಸಿದ.

ಆದ್ದರಿಂದ ಹಳೆಯ ಚಿತ್ರ ಸಿಕ್ಕಿತು, ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ, ಹಾಕಿಬಿಡೋಣ ಎನ್ನುವುದು ಬೇಡ. ಆ ಚಿತ್ರದಲ್ಲಿರುವವರು ಯಾರದೋ ಮುತ್ತಜ್ಜಿ. ಆ ಮನೆಯವರು ಅದೇ ಊರಿನಲ್ಲಿ ಇದ್ದಾರೆ, ನಿಮ್ಮ ಜಾಲತಾಣವನ್ನು ಅವರೂ ತೆರೆಯುತ್ತಾರೆ. ಅವರು ಹಾಕಿ ಎಂದರೆ ಹಾಕಿ, ಆಗಲೂ ಅಡಿಬರಹದಲ್ಲಿ ಹೆಸರು ಇರಲಿ, ಮನೆತನ ಇರಲಿ, ವರ್ಷ ಇರಲಿ. ಹಳೆಯ ಸಂಗ್ರಹಗಳಲ್ಲಿ ಛಾಯಾಗ್ರಾಹಕನ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ, ಎದುರಿಗೆ ಕುಳಿತವಳು ‘ಒಬ್ಬ ಇಂಡಿಯನ್ ಹೆಂಗಸು’ ಆಗಿರುತ್ತಾಳೆ (ಅಲ್ಲಿನ ಮೂಲನಿವಾಸಿಗಳನ್ನು ಆಗ ಹಾಗೆ ಕರೆಯುತ್ತಿದ್ದರು).

ಹೊಸ ಚಿತ್ರಗಳಲ್ಲಿ ಇರುವುದನ್ನು ಇದ್ದ ಹಾಗೆ ತೆಗೆಯಿರಿ. ಜೀವರಕ್ಷಕ ಅಂಗಿ ಇರಲಿ, ರಬ್ಬರ್ ಬೂಟು ಇರಲಿ, ಪಿಕಪ್ ವಾಹನ ಹಿನ್ನೆಲೆಯಲ್ಲಿ ಬಂದರೆ ಬರಲಿ. ಬುಟ್ಟಿ ಹೆಣೆಯುವ ಹೆಂಗಸು ಕನ್ನಡಕ ಹಾಕಿದ್ದರೆ ತೆಗೆಯಲು ಹೇಳಬೇಡಿ. ಒಪ್ಪಿಗೆ ಪತ್ರದಲ್ಲಿ ‘ಯಾವಾಗ ಬೇಕಾದರೂ ಹಿಂಪಡೆಯಬಹುದು’ ಎಂಬ ಸಾಲು ಕಡ್ಡಾಯ. ವ್ಯಕ್ತಿ ತೀರಿಕೊಂಡರೆ ಚಿತ್ರ ಇಡುವುದೋ ತೆಗೆಯುವುದೋ ಎಂದು ಮನೆಯವರನ್ನು ಯಾರು ಕೇಳಬೇಕು ಎಂಬುದನ್ನೂ ಬರೆದಿಡಿ. ಆಸ್ಟ್ರೇಲಿಯಾದಲ್ಲಿ ಅನೇಕ ಜಾಲತಾಣಗಳು ‘ಇಲ್ಲಿ ಮೃತರ ಚಿತ್ರ, ಧ್ವನಿ ಇರಬಹುದು’ ಎಂದು ಮೊದಲೇ ಎಚ್ಚರಿಸುತ್ತವೆ, ಏಕೆಂದರೆ ಅಲ್ಲಿನ ಹಲವು ಸಮುದಾಯಗಳು ಸತ್ತವರ ಹೆಸರು, ರೂಪವನ್ನು ಸ್ವಲ್ಪ ಕಾಲ ಮರೆಯಲ್ಲಿ ಇಡುತ್ತವೆ. ನಿಮ್ಮ ಕರಾವಳಿಯಲ್ಲಿ ಪದ್ಧತಿ ಏನೆಂದು ಅವರನ್ನೇ ಕೇಳಿ. ಆಸ್ಟ್ರೇಲಿಯಾದ ಎಚ್ಚರಿಕೆಯನ್ನು ನಕಲು ಮಾಡಿ ಅಂಟಿಸುವವರನ್ನೂ ನೋಡಿದ್ದೇನೆ, ಅದೂ ಒಂದು ತಮಾಷೆ.

ಸುಮ್ಮನೆ ಓದುಗ:

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಏಕೆ? ಕಂಪನಿ ಅವರದೇ, ದುಡ್ಡು ಅವರದೇ, ವ್ಯವಸ್ಥಾಪಕಿಯೂ ಅವರವರೇ. ಆಕೆ ಲೋಗೋ ನೋಡಿ ಸಹಿ ಹಾಕಿದರೆ ಮುಗಿಯಿತು. ರೇವನ್ ಒಂದು ಹಕ್ಕಿ, ಯಾರಪ್ಪನ ಆಸ್ತಿಯೂ ಅಲ್ಲ. ಗ್ರಾಹಕರಿಗಿಂತ ವಿನ್ಯಾಸಕರಿಗೇ ಹೆಚ್ಚು ನೋವಾಗುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಕಂಬದ ನೆರಳು:

ಓದುಗರೇ, ಹಕ್ಕಿ ಯಾರ ಆಸ್ತಿಯೂ ಅಲ್ಲ, ನಿಜ. ರೇವನ್ ಕುಲಚಿಹ್ನೆ ಆಸ್ತಿ. ಅದೂ ಇಡೀ ನೇಷನ್‌ನದಲ್ಲ, ಎಲ್ಲ ತೊಡಕೂ ಅಲ್ಲೇ ಇರುವುದು.

ಆ ಕರಾವಳಿಯಲ್ಲಿ ರೇವನ್, ಹದ್ದು, ತೋಳ, ಓರ್ಕಾ ತಿಮಿಂಗಿಲ ಇವುಗಳ ಚಿಹ್ನೆಗಳು, ಅವುಗಳ ಹಿಂದಿನ ಕಥೆ, ಹಾಡು, ಕುಣಿತ, ಮುಖವಾಡಗಳು ನಿರ್ದಿಷ್ಟ ಮನೆತನಕ್ಕೋ ಕುಲಕ್ಕೋ ಸೇರಿದವು. ಯಾರು ಯಾವುದನ್ನು ತೋರಿಸಬಹುದು ಎನ್ನುವುದು ಪಾಟ್ಲ್ಯಾಚ್ ಎಂಬ ಸಮಾರಂಭದಲ್ಲಿ ಸ್ಥಿರವಾಗುತ್ತದೆ. ಕರೆಸಿಕೊಂಡ ಅತಿಥಿಗಳು ಉಡುಗೊರೆ ಪಡೆದು ಅದಕ್ಕೆ ಸಾಕ್ಷಿಗಳಾಗುತ್ತಾರೆ. ಕೆನಡಾ ಸರ್ಕಾರ 1885ರಿಂದ 1951ರವರೆಗೆ ಈ ಸಮಾರಂಭವನ್ನೇ ಅಪರಾಧವೆಂದು ನಿಷೇಧಿಸಿತ್ತು. 1921ರ ಡಿಸೆಂಬರ್‌ನಲ್ಲಿ ವಿಲೇಜ್ ಐಲ್ಯಾಂಡ್‌ನಲ್ಲಿ ನಡೆದ ದೊಡ್ಡ ಪಾಟ್ಲ್ಯಾಚ್‌ನ ನಂತರ ಜನರನ್ನು ಹಿಡಿದರು, ಕೆಲವರನ್ನು ಜೈಲಿಗೆ ಹಾಕಿದರು, ಮುಖವಾಡಗಳನ್ನೂ ತಾಮ್ರದ ಫಲಕಗಳನ್ನೂ ಕಿತ್ತುಕೊಂಡು ವಸ್ತುಸಂಗ್ರಹಾಲಯಗಳಿಗೆ ಹಂಚಿದರು. ಅವುಗಳಲ್ಲಿ ಮರಳಿ ಬಂದ ಹಲವು ಅಲರ್ಟ್ ಬೇ ಊರಿನಲ್ಲಿ 1980ರಲ್ಲಿ ತೆರೆದ ಉಮಿಸ್ತಾ ಸಂಸ್ಕೃತಿ ಕೇಂದ್ರದಲ್ಲಿವೆ, ವಿನ್ಯಾಸಕಿಯವರು ದೋಣಿ ಹಿಡಿದು ಹೋಗಿ ನೋಡಬಹುದು. ಹೀಗೆ ಕಾಪಾಡಿಕೊಂಡ ಹಕ್ಕನ್ನು ಪ್ರವಾಸ ಕಂಪನಿಯ ವ್ಯವಸ್ಥಾಪಕಿ ತನ್ನ ಸಹಿಯಿಂದ ಬಿಟ್ಟುಕೊಡಲು ಬರುವುದಿಲ್ಲ. ಆಕೆಯದು ಬೇರೆ ಮನೆತನವಾಗಿದ್ದರಂತೂ ನಿಮ್ಮ ಲೋಗೋ ಊರೊಳಗೆ ಜಗಳ ಹಚ್ಚುತ್ತದೆ. ಬಿಲ್ಲು ಪಾವತಿಯಾಗಿ ನೀವು ಹೋಗಿರುತ್ತೀರಿ, ಆಕೆ ಅಲ್ಲೇ ಇರಬೇಕು.

ಹಾಗಾದರೆ ಲೋಗೋ ಏನು? ನನ್ನ ಮಟ್ಟಿಗೆ, ಕುಲಚಿಹ್ನೆ ಇಲ್ಲದೆಯೇ ಬ್ರ್ಯಾಂಡ್ ನಿಲ್ಲಬೇಕು. ಅಕ್ಷರ, ಬಣ್ಣ, ಚಿತ್ರ, ಮಾತಿನ ಧಾಟಿ ಇಷ್ಟರಲ್ಲೇ ನಿಲ್ಲದ ಬ್ರ್ಯಾಂಡ್ ರೇವನ್ ಹಾಕಿದರೂ ನಿಲ್ಲುವುದಿಲ್ಲ. ಅವರಿಗೇ ಫಾರ್ಮ್‌ಲೈನ್ ಶೈಲಿಯ, ಅಂದರೆ ಆ ಕರಾವಳಿಯ ಉಬ್ಬಿ ಸಣ್ಣದಾಗುವ ಗೆರೆಗಳ ಚಿತ್ರಶೈಲಿಯ, ಚಿಹ್ನೆ ಬೇಕು ಎಂದಿದ್ದರೆ ಆ ನೇಷನ್‌ನ ಕಲಾವಿದರೊಬ್ಬರಿಂದಲೇ ಮಾಡಿಸಿ. ನೀವು ನಿಮ್ಮ ತಂತ್ರಾಂಶದಲ್ಲಿ ಅಂಡಾಕೃತಿ, ಯು ಆಕೃತಿ ಜೋಡಿಸಿ ಹಕ್ಕಿ ಮಾಡಬೇಡಿ. ಆ ಗೆರೆ ಎಲ್ಲಿ ಉಬ್ಬಬೇಕು, ಎಲ್ಲಿ ಸಣ್ಣದಾಗಬೇಕು ಎನ್ನುವುದಕ್ಕೆ ವ್ಯಾಕರಣವಿದೆ, ಉತ್ತರ ಕರಾವಳಿಗೂ ದಕ್ಷಿಣದ ಸೇಲಿಶ್ ಜನರಿಗೂ ಆ ವ್ಯಾಕರಣ ಬೇರೆ. ಗೊತ್ತಿದ್ದವರಿಗೆ ನಕಲಿ ದೂರದಿಂದಲೇ ಕಾಣುತ್ತದೆ.

ಬೇರೆಯವರ ಚಿಹ್ನೆ ತಂದು ನಿಲ್ಲಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ನಿಮ್ಮ ಊರಿನಲ್ಲೇ ಉದಾಹರಣೆ ಇದೆ. 2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್ ಲಾಂಛನವಾಗಿ ಇನುಕ್ಶುಕ್ ಮಾದರಿಯ ಕಲ್ಲಿನ ಆಕೃತಿಯನ್ನು ಆರಿಸಿ 2005ರಲ್ಲಿ ಅನಾವರಣ ಮಾಡಿದರು. ಅದು ದೂರದ ಆರ್ಕ್ಟಿಕ್‌ನ ಇನ್ಯುಯಿಟ್ ಜನರದು. ಕ್ರೀಡೆ ನಡೆದದ್ದು ಲಿಲ್ವಾಟ್, ಮಸ್ಕ್ವಿಯಮ್, ಸ್ಕ್ವಾಮಿಶ್, ಟ್ಸ್ಲೇಲ್‌ವಾಟುತ್ ನೇಷನ್‌ಗಳ ನೆಲದಲ್ಲಿ. ಪಶ್ಚಿಮ ಕರಾವಳಿಯ ನಾಯಕರಿಂದಲೂ ಆರ್ಕ್ಟಿಕ್‌ನಿಂದಲೂ ಟೀಕೆ ಬಂತು. ಸುಂದರವಾಗಿಯೇ ಇತ್ತು ಆ ಲಾಂಛನ, ಸೌಂದರ್ಯದ ಬಗ್ಗೆ ಯಾರೂ ಕೇಳಿರಲಿಲ್ಲ.

ಕಲಾವಿದರೊಂದಿಗಿನ ಒಪ್ಪಂದವನ್ನು ಬೇರೆ ಕಾಗದದಲ್ಲಿ ಮಾಡಿ. ಕೆನಡಾದ ಕಾನೂನಿನಲ್ಲಿ ಹೊರಗಿನವರಿಂದ ಬರೆಸಿದ ಕೃತಿಯ ಹಕ್ಕುಸ್ವಾಮ್ಯ, ಬರಹದಲ್ಲಿ ವರ್ಗಾಯಿಸದ ಹೊರತು, ಬರೆದವರಲ್ಲೇ ಉಳಿಯುತ್ತದೆ. ಬಹಳ ಕಚೇರಿಗಳು ‘ಎಲ್ಲ ಹಕ್ಕೂ ನಮಗೆ’ ಎಂಬ ಸಿದ್ಧ ಮಾದರಿಗೆ ಸಹಿ ಹಾಕಿಸಿಕೊಳ್ಳುತ್ತವೆ, ಜೊತೆಗೆ ನೈತಿಕ ಹಕ್ಕುಗಳನ್ನೂ (ಕೃತಿಗೆ ತಮ್ಮ ಹೆಸರು ಇರಲಿ, ಅದನ್ನು ಕೆಡಿಸದಿರಲಿ ಎನ್ನುವ ಹಕ್ಕು) ಬಿಟ್ಟುಕೊಡಿಸುತ್ತವೆ. ಅದನ್ನು ಮಾಡಬೇಡಿ. ಬಳಕೆಯ ಪರವಾನಗಿ ಪಡೆಯಿರಿ: ಜಾಲತಾಣಕ್ಕೆ, ದೋಣಿಯ ಮೇಲೆ, ಅಂಗಿಗೆ ಎಂದು ಒಂದೊಂದನ್ನೂ ಹೆಸರಿಸಿ. ಕತ್ತರಿಸುವುದು, ತಿರುಗಿಸುವುದು, ಬಣ್ಣ ಬದಲಿಸುವುದು, ಅನಿಮೇಷನ್‌ನಲ್ಲಿ ಕುಣಿಸುವುದು ನಿಷಿದ್ಧ ಎಂದು ಬರೆಯಿರಿ. ಬೇಸಿಗೆ ರಿಯಾಯಿತಿ ಘೋಷಣೆಗೆ ಯಾರೋ ಆ ರೇವನ್‌ಗೆ ತಂಪು ಕನ್ನಡಕ ಹಾಕುವ ದಿನ ಬಂದೇ ಬರುತ್ತದೆ.

ಕಂಪನಿ ನಿಜಕ್ಕೂ ಅವರದೇ ಎನ್ನುವುದನ್ನು ಮುಖಪುಟದಲ್ಲೇ ಹೇಳಿ, ಏಕೆಂದರೆ ನಕಲಿಗಳು ಬಹಳ. ಆಸ್ಟ್ರೇಲಿಯಾದಲ್ಲಿ ಬಿರೂಬಿ ಆರ್ಟ್ ಎಂಬ ಕಂಪನಿ ಇಂಡೊನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗ್, ಡಿಜೆರಿಡೂ ವಾದ್ಯಗಳನ್ನು ಅಬೊರಿಜಿನಲ್, ಅಂದರೆ ಅಲ್ಲಿನ ಮೂಲನಿವಾಸಿಗಳ, ಕಲೆಯೆಂದು ಮಾರಿದ್ದಕ್ಕೆ 2019ರಲ್ಲಿ ನ್ಯಾಯಾಲಯ 23 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಕೆನಡಾದ ಮೂಲನಿವಾಸಿ ಪ್ರವಾಸೋದ್ಯಮ ಸಂಘ ಕನಿಷ್ಠ ಶೇ 51ರಷ್ಟು ಮೂಲನಿವಾಸಿಗಳ ಒಡೆತನವಿರುವ ಉದ್ಯಮಗಳಿಗೆ ‘ಒರಿಜಿನಲ್ ಒರಿಜಿನಲ್’ ಎಂಬ ಮಾನ್ಯತೆ ಗುರುತು ಕೊಡುತ್ತದೆ. ನಿಮ್ಮವರಿಗೆ ಅದು ಸಿಕ್ಕಿದ್ದರೆ ಅದಕ್ಕೆ ಜಾಗ ಇಟ್ಟುಕೊಳ್ಳಿ.

ವಿನ್ಯಾಸಕಿ:

ಇಬ್ಬರಿಗೂ ಧನ್ಯವಾದ. ಗಡಿಯಾರದ ಎರಡು ಚಿತ್ರಗಳನ್ನು ಯಜಮಾನರ ಮುಂದಿಟ್ಟೆ. ಸ್ವಲ್ಪ ಹೊತ್ತು ನೋಡಿ, ‘ಕಾಲ ನಿಂತುಹೋದ’ ಸಾಲನ್ನು ತಾವೇ ಹೊಡೆದುಹಾಕಿದರು. ರೇವನ್ ಬಗ್ಗೆ ವ್ಯವಸ್ಥಾಪಕಿಯನ್ನೇ ಕೇಳಿದೆ. ಆಕೆ ನಕ್ಕು, ‘ನಮ್ಮ ಮನೆಯದು ತೋಳ, ನಾನು ರೇವನ್ ಹಾಕಿದರೆ ಅತ್ತೆ ನನ್ನ ಜೊತೆ ಮಾತು ಬಿಡುತ್ತಾಳೆ’ ಎಂದರು. ನಾವು ಕೇಳಿರಲಿಲ್ಲ, ಆದ್ದರಿಂದ ಆಕೆ ಹೇಳಿರಲಿಲ್ಲ, ಅಷ್ಟೇ.

ಈಗ ನಕ್ಷೆಯ ತೊಂದರೆ. ದೋಣಿ ಹೋಗುವ ಎಲ್ಲ ಜಾಗಗಳ ಗುರುತಿರುವ ನಕ್ಷೆ ಬೇಕೆಂದು ನಮ್ಮ ಕಚೇರಿಯ ಆಸೆ, ಆದರೆ ಕೆಲವು ಜಾಗಗಳನ್ನು ತೋರಿಸಬೇಡಿ ಎಂದು ಅವರು ಹೇಳಿದ್ದಾರೆ, ಕಾರಣ ಕೊಟ್ಟಿಲ್ಲ. ನಕ್ಷೆಯಲ್ಲಿ ಖಾಲಿ ಬಿಟ್ಟರೆ ಅಲ್ಲೇನೋ ಇದೆ ಎಂದು ಗೊತ್ತಾಗುವುದಿಲ್ಲವೇ?

ಕಂಬದ ನೆರಳು:

ಕಾರಣ ಕೇಳಬೇಡಿ. ಸಮಾಧಿ ಇರಬಹುದು, ಸ್ನಾನ ಮಾಡಿ ಪ್ರಾರ್ಥಿಸುವ ತೊರೆ ಇರಬಹುದು, ಅದು ನಿಮಗೆ ಬೇಕಾಗಿಲ್ಲ. ಗುರುತುಗಳ ನಕ್ಷೆಯನ್ನೇ ಕೈಬಿಡಿ. ಹೊರಡುವ ಬಂದರು ಎಲ್ಲಿ, ಹೇಗೆ ತಲುಪಬೇಕು ಎನ್ನುವುದಷ್ಟು ಸಾಕು, ಮುಂದಿನದನ್ನು ದೋಣಿ ನಡೆಸುವವರು ತೋರಿಸುತ್ತಾರೆ. ಡ್ರೋನ್ ಚಿತ್ರದಲ್ಲೂ ಪ್ರವಾಸಿಗರು ಕಳಿಸುವ ಚಿತ್ರದಲ್ಲೂ ಸ್ಥಳದ ನಿರ್ದೇಶಾಂಕ ಅಡಗಿರುತ್ತದೆ, ಏರಿಸುವ ಮುನ್ನ ಅಳಿಸಿ. ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಪವಿತ್ರವಾದ ಉಲುರು ಬಂಡೆಯನ್ನು ಹತ್ತುವುದನ್ನು 2019ರ ಅಕ್ಟೋಬರ್ 26ರಂದು ನಿಲ್ಲಿಸಿದ ಮೇಲೂ ಗೂಗಲ್ ನಕ್ಷೆಯಲ್ಲಿ ಪ್ರವಾಸಿಗರು ಏರಿಸಿದ್ದ ಶಿಖರದ ಚಿತ್ರಗಳು ಉಳಿದಿದ್ದವು. ಆಸ್ಟ್ರೇಲಿಯಾದ ಉದ್ಯಾನ ಇಲಾಖೆ ಕೇಳಿಕೊಂಡು 2020ರಲ್ಲಿ ತೆಗೆಸಬೇಕಾಯಿತು. ನೆಲದ ಮೇಲೆ ಬಾಗಿಲು ಮುಚ್ಚಿದ್ದರೂ ಮೊಬೈಲಿನಲ್ಲಿ ಹತ್ತುತ್ತಲೇ ಇದ್ದರು.

ಜಾಲತಾಣಕ್ಕೆ ‘ಇಲ್ಲ’ ಎನ್ನಲು ಬರಬೇಕು. ನಾನು ನೋಡಿದ ಹೆಚ್ಚಿನ ವಿನ್ಯಾಸಗಳು ಸೋಲುವುದು ಅಲ್ಲೇ. ಎಲ್ಲ ಗುಂಡಿಗಳೂ ‘ಬನ್ನಿ, ಕಾಯ್ದಿರಿಸಿ, ಈಗಲೇ’ ಎನ್ನುತ್ತವೆ, ನಿಯಮಗಳು ಮಾತ್ರ ಕೆಳಗಿನ ಸಣ್ಣಕ್ಷರದಲ್ಲಿ ಹೂತಿರುತ್ತವೆ. ಅರಿಜೋನಾದ ಹೋಪಿ ಜನರ ಹಳ್ಳಿಗಳಲ್ಲಿ ಚಿತ್ರ ತೆಗೆಯುವುದಷ್ಟೇ ಅಲ್ಲ, ರೇಖಾಚಿತ್ರ ಬರೆಯುವುದೂ ಧ್ವನಿಮುದ್ರಣವೂ ಕೂಡದು, ಅದನ್ನು ಅವರು ಬರುವವರಿಗೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ನಿಮ್ಮ ಕರಾವಳಿಯ ಹೈಡಾ ಗ್ವಾಯಿ ದ್ವೀಪಗಳ ದಕ್ಷಿಣದ ಹಳೆಯ ಊರುಗಳಲ್ಲಿ ‘ವಾಚ್‌ಮೆನ್’ ಎಂದು ಕರೆಸಿಕೊಳ್ಳುವ ಹೈಡಾ ಕಾವಲಿಗರಿದ್ದಾರೆ, ಅವರು ಕರೆದ ಮೇಲೆಯೇ ದಡಕ್ಕೆ ಇಳಿಯಬೇಕು, ಒಮ್ಮೆಗೆ ಕೆಲವರೇ. ಅಲ್ಲಿನ ಹಳೆಯ ಟೋಟೆಮ್ ಕಂಬಗಳನ್ನು, ಅಂದರೆ ಕುಲಚಿಹ್ನೆ ಕೆತ್ತಿದ ಮರದ ಕಂಬಗಳನ್ನು, ಬಣ್ಣ ಬಳಿದು ಪ್ರದರ್ಶನಕ್ಕೆ ನಿಲ್ಲಿಸಿಲ್ಲ, ಅವು ನಿಧಾನವಾಗಿ ಮಣ್ಣಿಗೆ ಮರಳುತ್ತಿವೆ. ಜನ ಹೋಗುವುದನ್ನು ನಿಲ್ಲಿಸಿದ್ದಾರೆಯೇ? ಇಲ್ಲ.

ಹಾಗಾಗಿ ಬುಕಿಂಗ್ ಪಂಚಾಂಗದಲ್ಲಿ ‘ಸಮುದಾಯದ ಕಾರಣಕ್ಕೆ ಮುಚ್ಚಿದೆ’ ಎಂಬ ಸ್ಥಿತಿಯೊಂದು ಇರಲಿ. ಊರಿನಲ್ಲಿ ಸಾವಾದರೆ ದೋಣಿ ನಡೆಸುವವರೂ ಅಡುಗೆಯವರೂ ಅಲ್ಲಿರುತ್ತಾರೆ. ವ್ಯವಸ್ಥಾಪಕಿ ಮೊಬೈಲಿನಲ್ಲಿ ಒಂದು ಒತ್ತಿಗೆ ಆ ವಾರ ಮುಚ್ಚುವಂತಾಗಬೇಕು, ಮುಂಗಡ ಹಣ ತಾನಾಗಿ ಮರಳಬೇಕು, ಯಾರಿಗೂ ಕಾರಣ ವಿವರಿಸುವ ಗೋಜು ಇರಬಾರದು. ಇದನ್ನು ನಿಮ್ಮ ಅಂದಾಜುಪಟ್ಟಿಯಲ್ಲಿ ಈಗಲೇ ಸೇರಿಸಿ, ಆಮೇಲೆ ಹೆಚ್ಚುವರಿ ಕೆಲಸ ಎಂದು ದುಡ್ಡು ಕೇಳಬೇಡಿ. ಸೆಪ್ಟೆಂಬರ್ 30ಕ್ಕೆ ಯಾವ ಜಾಹೀರಾತೂ ಹೋಗದಂತೆ ನೋಡಿಕೊಳ್ಳಿ. ವಸತಿ ಶಾಲೆಗಳಿಗೆ ಮೂಲನಿವಾಸಿ ಮಕ್ಕಳನ್ನು ಕಿತ್ತೊಯ್ದದ್ದನ್ನು ಕೆನಡಾ ಸ್ಮರಿಸುವ ದಿನ ಅದು. ಆ ಸ್ಮರಣೆಯ ಗುರುತಾದ ಕಿತ್ತಳೆ ಬಣ್ಣದಲ್ಲೇ ರಿಯಾಯಿತಿ ಪಟ್ಟಿಯನ್ನು ಆ ದಿನ ಕಂಡು ನನ್ನ ಕಣ್ಣು ಉರಿದಿದೆ.

ಒತ್ತಕ್ಷರ:

ತಡವಾಗಿ ಬಂದೆ. ಯಾರೂ ಅಕ್ಷರದ ಮಾತು ಎತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬ್ರಿಟಿಷ್ ಕೊಲಂಬಿಯಾದಲ್ಲಿ 30ಕ್ಕೂ ಹೆಚ್ಚು ಮೂಲ ಭಾಷೆಗಳಿವೆ, ಬರೆಯುವ ಕ್ರಮ ಒಂದೊಂದಕ್ಕೆ ಒಂದೊಂದು. ಫಾಂಟ್ ಆರಿಸುವ ಮುನ್ನ ಆ ನೇಷನ್‌ನ ಭಾಷಾ ವಿಭಾಗದಿಂದ ಊರುಗಳ ಹೆಸರು, ಜನರ ಹೆಸರು, ಸ್ವಾಗತದ ಮಾತು ತರಿಸಿಕೊಂಡು ಅದರಲ್ಲೇ ಪರೀಕ್ಷಿಸಿ. ಒತ್ತಕ್ಷರ ಕೆಳಗೆ ಬೀಳದೆ ಪಕ್ಕಕ್ಕೆ ಸರಿದ ಕನ್ನಡವನ್ನು ಓದಿ ಬೆಳೆದವರು ನಾವು, ಈ ನೋವು ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಅಲ್ಲಿನ ಕೆಲವು ಲಿಪಿಗಳಲ್ಲಿ ಅಕ್ಷರದ ಕೆಳಗೆ ಗೆರೆ ಬರುತ್ತದೆ. ಗೆರೆಯಿರುವ ರೋಮನ್ ಕೆ ಅಕ್ಷರಕ್ಕೆ ಯೂನಿಕೋಡ್ ಎಂಬ ಕಂಪ್ಯೂಟರ್ ಅಕ್ಷರಪಟ್ಟಿಯಲ್ಲಿ ಒಂದೇ ಸಂಕೇತವಿದೆ, ಎಕ್ಸ್ ಅಕ್ಷರಕ್ಕೆ ಇಲ್ಲ, ಎರಡು ಸಂಕೇತ ಜೋಡಿಸಬೇಕು. ಅಂದದ ಫಾಂಟ್‌ಗಳಲ್ಲಿ ಬಹಳಷ್ಟು ಇಲ್ಲಿ ಮುಗ್ಗರಿಸುತ್ತವೆ, ಗೆರೆ ಪಕ್ಕದ ಅಕ್ಷರದ ಕೆಳಗೆ ಹೋಗಿ ಕೂರುತ್ತದೆ. ಪ್ರಾಂತ ಸರ್ಕಾರದ ಬಿ ಸಿ ಸಾನ್ಸ್ ಫಾಂಟ್ ಉಚಿತ, ಈ ಭಾಷೆಗಳನ್ನು ಗಮನದಲ್ಲಿಟ್ಟು ಮಾಡಿದ್ದು, ಹೋಲಿಸಿ ನೋಡಲಾದರೂ ಇಟ್ಟುಕೊಳ್ಳಿ.

ಶೀರ್ಷಿಕೆಗಳನ್ನೆಲ್ಲ ರೋಮನ್ ದೊಡ್ಡಕ್ಷರಕ್ಕೆ (ಕ್ಯಾಪಿಟಲ್) ತಿರುಗಿಸುವ ಅಭ್ಯಾಸವಿದ್ದರೆ ಬಿಡಿ. ಸಾನಿಚ್ ಜನರ ಸೆನ್‌ಚಾಥೆನ್ ಭಾಷೆಯ ಲಿಪಿಯನ್ನು ಡೇವ್ ಎಲಿಯಟ್ ಎಂಬ ಹಿರಿಯರು 1978ರಲ್ಲಿ ಒಂದು ಹಳೆಯ ಬೆರಳಚ್ಚು ಯಂತ್ರದಲ್ಲಿ ರೂಪಿಸಿದರು. ಅದರಲ್ಲಿ ಎಲ್ಲವೂ ದೊಡ್ಡಕ್ಷರ, ಎಸ್ ಒಂದು ಮಾತ್ರ ಚಿಕ್ಕದಾಗಿ ಬರುತ್ತದೆ, ಅದಕ್ಕೆ ವ್ಯಾಕರಣದ ಕೆಲಸವಿದೆ. ಎಲ್ಲವನ್ನೂ ದೊಡ್ಡಕ್ಷರ ಮಾಡುವ ನಿಮ್ಮ ಒಂದು ಸಾಲಿನ ಸ್ಟೈಲ್ ಆದೇಶ ಅದನ್ನು ನುಂಗಿಬಿಡುತ್ತದೆ. ಸ್ಕ್ವಾಮಿಶ್ ಬರಹದಲ್ಲಿ 7 ಎಂಬ ಅಂಕಿಯೇ ಅಕ್ಷರ, ಗಂಟಲಿನಲ್ಲಿ ತಡೆದು ಬಿಡುವ ಧ್ವನಿಗೆ ಅದು ನಿಲ್ಲುತ್ತದೆ. ಬುಕಿಂಗ್ ಅರ್ಜಿಯಲ್ಲಿ ‘ಹೆಸರಿನಲ್ಲಿ ಅಂಕಿ ಇರಬಾರದು’ ಎಂಬ ತಪಾಸಣೆ ಹಾಕಿದ್ದರೆ ಆ ನೆಲದ ಜನರಿಗೇ ನಿಮ್ಮ ಜಾಲತಾಣ ‘ಸರಿಯಾದ ಹೆಸರು ಬರೆಯಿರಿ’ ಎನ್ನುತ್ತದೆ.

ಹೆಸರಿನ ಪಕ್ಕ ಧ್ವನಿಯ ಗುಂಡಿ ಇಡಿ. ಫಸ್ಟ್‌ವಾಯ್ಸಸ್ ಎಂಬ ತಾಣದಲ್ಲಿ ಅನೇಕ ನೇಷನ್‌ಗಳು ತಮ್ಮವರ ಧ್ವನಿಯಲ್ಲೇ ಪದಗಳನ್ನು ಸಂಗ್ರಹಿಸಿವೆ. ಅಲ್ಲಿಂದ ಇಳಿಸಿಕೊಳ್ಳಬೇಡಿ, ಕೇಳಿ ಪಡೆಯಿರಿ, ಇಲ್ಲವೇ ಹೊಸದಾಗಿ ಮುದ್ರಿಸಿ, ಮಾತಾಡಿದವರಿಗೆ ಸಂಭಾವನೆ ಕೊಡಿ.

ಸುಮ್ಮನೆ ಓದುಗ:

ಅತ್ತೆ ಮಾತು ಬಿಡುವ ಪ್ರಸಂಗದ ಮುಂದೆ ನನ್ನ ವಾದ ನಿಲ್ಲುವುದಿಲ್ಲ. ಒಂದು ಪ್ರಶ್ನೆ ಮಾತ್ರ. ಇಷ್ಟು ಮಂದಿಯನ್ನು ಕೇಳುತ್ತ ಹೋದರೆ ಜಾಲತಾಣ ಯಾವಾಗ ಮುಗಿಯುವುದು? ಆ ವ್ಯವಸ್ಥಾಪಕಿಗೂ ಬೇಸಿಗೆಯೊಳಗೆ ಬುಕಿಂಗ್ ಬೇಕಲ್ಲವೇ?

ಕಂಬದ ನೆರಳು:

ಬೇಕು. ಅದಕ್ಕೇ ಕೆಲಸ ಒಡೆಯಿರಿ. ಬುಕಿಂಗ್, ಬೆಲೆ, ದೋಣಿಯ ಹೊತ್ತು, ಏನು ಉಟ್ಟು ಬರಬೇಕು, ಎಲ್ಲಿ ವಾಹನ ನಿಲ್ಲಿಸಬೇಕು ಇವಕ್ಕೆ ವ್ಯವಸ್ಥಾಪಕಿಯ ಒಪ್ಪಿಗೆ ಸಾಕು, ಇಷ್ಟನ್ನು ಮೊದಲು ಹೊರತನ್ನಿ. ಕಥೆ, ಇತಿಹಾಸ, ಜನರ ಚಿತ್ರ, ಕಲೆ ಇವು ಹಿರಿಯರ ಮುಂದೆ ಹೋಗಿ ಬರಲಿ, ಬಂದಂತೆ ಸೇರಲಿ. ಹಿರಿಯರಿಗೆ ಕೊಂಡಿ ಕಳಿಸಿ ‘ಶುಕ್ರವಾರದೊಳಗೆ ಅಭಿಪ್ರಾಯ ತಿಳಿಸಿ’ ಎನ್ನಬೇಡಿ. ದೊಡ್ಡ ಅಕ್ಷರದಲ್ಲಿ ಮುದ್ರಿಸಿಕೊಂಡು ಹೋಗಿ, ಊಟದ ಹೊತ್ತಿಗೆ ಹೋಗಿ, ಅವರ ಸಮಯಕ್ಕೆ ಗೌರವಧನವನ್ನು ಅಂದಾಜುಪಟ್ಟಿಯಲ್ಲೇ ಇಡಿ. ನಿಮ್ಮ ಸಮಯಕ್ಕೆ ಗಂಟೆಯ ಲೆಕ್ಕ ಇರುವಾಗ ಅವರ ಸಮಯ ಬಿಟ್ಟಿ ಆಗುವುದು ಹೇಗೆ?

ಇನ್ನೊಂದು, ಇದನ್ನು ಕೊನೆಗೆ ಉಳಿಸುವವರೇ ಹೆಚ್ಚು. ಕೆನಡಾದ ಫಸ್ಟ್ ನೇಷನ್‌ಗಳು 1998ರಲ್ಲಿ ತಮ್ಮ ಮಾಹಿತಿಗೆ ಸಂಬಂಧಿಸಿ ನಾಲ್ಕು ತತ್ತ್ವಗಳನ್ನು ಮುಂದಿಟ್ಟವು: ಒಡೆತನ, ನಿಯಂತ್ರಣ, ಪ್ರವೇಶ, ಸ್ವಾಧೀನ. ಸಂಶೋಧನೆಯ ದತ್ತಾಂಶಕ್ಕೆಂದು ಹುಟ್ಟಿದ್ದಾದರೂ ಜಾಲತಾಣಕ್ಕೆ ಚೆನ್ನಾಗಿ ಹೊಂದುತ್ತದೆ. ಡೊಮೇನ್, ಅಂದರೆ ಜಾಲತಾಣದ ವಿಳಾಸ, ಯಾರ ಹೆಸರಿನಲ್ಲಿದೆ? ನಿರ್ವಾಹಕ ಗುಪ್ತಪದ ಯಾರ ಬಳಿ? ಬುಕಿಂಗ್‌ನಿಂದ ಬರುವ ಪ್ರವಾಸಿಗರ ಮಾಹಿತಿ, ನೀವು ತೆಗೆಸಿದ ಚಿತ್ರಗಳ ಮೂಲ ಕಡತ, ಹಿರಿಯರ ಧ್ವನಿಮುದ್ರಣ ಯಾರ ಸರ್ವರ್‌ನಲ್ಲಿ? ಉತ್ತರ ‘ನಮ್ಮ ಕಚೇರಿ’ ಎಂದಾದರೆ ಇಷ್ಟು ಹೊತ್ತು ಮಾತಾಡಿದ ಗೌರವವೆಲ್ಲ ನಿಮ್ಮ ಮುಂದಿನ ಬಿಲ್ಲಿನ ಮರ್ಜಿಯಲ್ಲಿದೆ. ಹಾಡು, ಕಥೆಗಳ ಸಂಗ್ರಹ ಬೆಳೆಯುವ ಅಂದಾಜಿದ್ದರೆ ಮುಕುರ್ತು ಎಂಬ ಮುಕ್ತ ತಂತ್ರಾಂಶವನ್ನು ನೋಡಿ. ಆಸ್ಟ್ರೇಲಿಯಾದ ವರುಮುಂಗು ಜನರೊಂದಿಗೆ ಸೇರಿ ಆರಂಭವಾದದ್ದು. ಯಾವುದನ್ನು ಮನೆತನದವರು ಮಾತ್ರ ನೋಡಬೇಕು, ಯಾವುದನ್ನು ಹೆಂಗಸರು ಮಾತ್ರ, ಯಾವುದನ್ನು ಎಲ್ಲರೂ ಎಂದು ಸಮುದಾಯವೇ ನಿಗದಿ ಮಾಡಬಹುದು.

ವಿನ್ಯಾಸಕಿ:

ನೋಡಿದೆ. ಡೊಮೇನ್ ನಮ್ಮ ಕಚೇರಿಯ ಹೆಸರಿನಲ್ಲಿದೆ, ‘ಅನುಕೂಲಕ್ಕೆ’ ಎಂದರು. ವರ್ಗಾವಣೆಯ ಅರ್ಜಿ ಕಳಿಸಿದ್ದೇನೆ, ಯಜಮಾನರ ಸಹಿ ಇನ್ನೂ ಬಿದ್ದಿಲ್ಲ. ಅಂದಾಜುಪಟ್ಟಿಯಲ್ಲಿ ಹಿರಿಯರ ಗೌರವಧನ, ಕಲಾವಿದರ ಪರವಾನಗಿ, ಮುಚ್ಚುವ ಗುಂಡಿ ಮೂರನ್ನೂ ಬೇರೆ ಬೇರೆ ಸಾಲಾಗಿ ಸೇರಿಸಿದ್ದೇನೆ. ಒತ್ತಕ್ಷರ ಅವರೇ, ಹೆಸರಿನಲ್ಲಿ ಅಂಕಿಯನ್ನು ತಡೆಯುವ ಆ ತಪಾಸಣೆ ನಮ್ಮ ಅರ್ಜಿಯಲ್ಲೂ ಇತ್ತು. ಬುಕಿಂಗ್ ತಂತ್ರಾಂಶ ಹೊರಗಿನದು, ಅದರೊಳಗೆ ನಾವು ಬದಲಿಸಲು ಬರುವುದಿಲ್ಲ ಎನ್ನುತ್ತಾರೆ. ಅಂಕಿಯನ್ನೂ ಕೆಳಗೆರೆಯ ಅಕ್ಷರಗಳನ್ನೂ ತಡೆಯದೆ ಒಪ್ಪುವ ಬುಕಿಂಗ್ ತಂತ್ರಾಂಶ ಯಾರಾದರೂ ಬಳಸಿದ್ದರೆ ಹೆಸರು ತಿಳಿಸಿ.